ದೆವ್ವದ ಬಂಗಲೆಯಲ್ಲಿ ಬಾಲ ನ್ಯಾಯ ಮಂಡಳಿ

ಸರ್ಕಾರಿ ಕೆಲಸಕ್ಕೆ ದೆವ್ವ ಅಡ್ಡಬಂತು ಅಂದರೆ ನೀವು ನಂಬುವುದಿಲ್ಲ. ಆದರೆ ನಾನು ಕಾಲಿಟ್ಟ ಕಡೆಯಲ್ಲೆಲ್ಲ ಇಂಥವೇ ನಡೆಯುತ್ತವೆ. ಮೈಸೂರಿನವಳು ನಾನು, ಮದುವೆಯಾಗಿ ತಮಿಳು ಸೀಮೆಯ ವೆಸ್ಟ್ ಮಾಂಬಲಂಗೆ ಬಂದು, ಸಮಾಜಸೇವೆ ಅಂತ ಓಡಾಡಿಕೊಂಡಿದ್ದೆ. ಹೊಸ ಕಾನೂನು ಬಂದಾಗ ಬಾಲ ನ್ಯಾಯ ಮಂಡಳಿಗೆ ಸದಸ್ಯೆ ಮಾಡಿದರು. ಪೊಲೀಸರು ಹಿಡಿದು ತಂದ ಮಕ್ಕಳ ವಿಚಾರಣೆ ಇನ್ನುಮುಂದೆ ಮೂವರ ಕೆಲಸ: ಒಬ್ಬರು ಮ್ಯಾಜಿಸ್ಟ್ರೇಟರು, ಜೊತೆಗೆ ನಾನು ಮತ್ತು ಇನ್ನೊಬ್ಬ ಸದಸ್ಯರು.

ಬಂಗಲೆ

ನಾವು ಕೂರುವ ಜಾಗ ಕೋರ್ಟಿನ ಹಾಗೆ ಕಾಣಬಾರದಂತೆ. ಹಾಗಾಗಿ ಇಲಾಖೆಯವರು ವರ್ಷಗಟ್ಟಲೆ ಬೀಗ ಬಿದ್ದಿದ್ದ ಹಳೇ ಬಂಗಲೆಯೊಂದನ್ನು ಕೊಟ್ಟರು. ಹಾಡುಹಗಲೇ ಒಳಗೆ ಕತ್ತಲೆ. ಮೊದಲ ದಿನ ಹಾಲ್‌ನಲ್ಲಿ ಒಬ್ಬಳೇ ನಿಂತಿದ್ದಾಗ, ಒಳಕೋಣೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ಬಾಗಿಲು ನೂಕಿ ನೋಡಿದರೆ ನರಪಿಳ್ಳೆಯಿಲ್ಲ.

ಮನೆಗೆ ಬಂದು ಹೇಳಿದೆ. ಮಗ, "ಪೇಯ್ ಇರುಕ್ಕಾಮ್ಮಾ?" ಎಂದು, ದೆವ್ವ ಇದೆಯಾ ಅಂತ ತಮಿಳಿನಲ್ಲೇ ಕೇಳಿ ಕಣ್ಣರಳಿಸಿದ. ನಮ್ಮವರು ಮಾತ್ರ ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ.

"ಸರ್ಕಾರಿ ದೆವ್ವ ಅಲ್ವೇನೇ? ಪಾಪ, ಅದಕ್ಕಿನ್ನೂ ಟ್ರಾನ್ಸ್‌ಫರ್ ಆರ್ಡರ್ ಬಂದಿಲ್ಲ."

ಕುರ್ಚಿಗಳು

ಮಕ್ಕಳು ಹೆದರಬಾರದೆಂದು ಕುರ್ಚಿಗಳನ್ನು ದುಂಡಗೆ ಹಾಕಿಸಿದೆ. ಬೆಳಗ್ಗೆ ಬಂದು ಬೀಗ ತೆಗೆದರೆ, ಮ್ಯಾಜಿಸ್ಟ್ರೇಟರ ಕುರ್ಚಿ ಎತ್ತರದ ಹಲಗೆಯ ಮೇಲೆ ಏರಿ ಕೂತಿದೆ. ಉಳಿದವು ಎದುರಿಗೆ ಸಾಲಾಗಿ, ಯಾರೋ ಬಂದು ಕೂರುವವರಿದ್ದಾರೆ ಎಂಬಂತೆ ಕಾಯುತ್ತಿವೆ. ಮತ್ತೆ ದುಂಡಗಿಟ್ಟೆ. ಮಾರನೇ ದಿನ ಮತ್ತೆ ಅದೇ ಕಥೆ. ಗುಮಾಸ್ತರು ಹೊಸ್ತಿಲು ದಾಟಲು ಒಪ್ಪಲಿಲ್ಲ. ಮೊದಲ ವಿಚಾರಣೆ ಮುಂದಕ್ಕೆ ಹೋಯಿತು.

ನನಗೆ ಭಯಕ್ಕಿಂತ ಸಂಕಟ ಹೆಚ್ಚಾಯಿತು. ನಾವು ಕೂತರೆ ತಾನೆ ಜಾಮೀನು? ಬೆಸೆಂಟ್ ನಗರದಲ್ಲಿ ಮನೆಗೆಲಸಕ್ಕಿದ್ದ ಹುಡುಗಿಯೊಬ್ಬಳನ್ನು ಬಳೆ ಕದ್ದಳೆಂಬ ದೂರಿನ ಮೇಲೆ ಬಾಲಗೃಹದಲ್ಲಿ ಇಟ್ಟಿದ್ದರು. ಅವಳ ತಾಯಿ ದಿನಾ ಕ್ರೋಂಪೇಟೆಯಿಂದ ರೈಲು ಹತ್ತಿ ಬಂದು, ನಮ್ಮ ಗೇಟಿನ ಪಕ್ಕ ಸೆರಗು ಹಿಡಿದು ಕೂತಿರುತ್ತಿದ್ದಳು. ಅವಳ ಮುಖ ನೋಡಲು ನನ್ನಿಂದಾಗುತ್ತಿರಲಿಲ್ಲ.

ಕೊನೆಗೆ, ಇನ್ನೊಂದು ಬೀಗದ ಕೈ ಇದ್ದ ವಾಚ್‌ಮನ್ ತಾತನನ್ನು ತರಾಟೆಗೆ ತೆಗೆದುಕೊಂಡೆ. ಕೋರ್ಟಿನಲ್ಲಿ ದಫೇದಾರನಾಗಿ ರಿಟೈರ್ ಆದವನು. ತಮಿಳಿನಲ್ಲಿ ಗೋಗರೆದ: "ನಾನೇಮ್ಮಾ ಕುರ್ಚಿ ಜರುಗಿಸಿದ್ದು. ಅಯ್ಯಾ ಅವರೂ ಮಕ್ಕಳೂ ಒಂದೇ ಎತ್ತರಕ್ಕೆ ಕೂತ್ರೆ, ಜಡ್ಜ್ ಯಾರು ಕಳ್ಳ ಯಾರು ಅಂತ ಹೇಗಮ್ಮಾ ಗೊತ್ತಾಗೋದು?"

"ಹಾಗಾದ್ರೆ ಅವತ್ತು ಒಳಗೆ ಗಂಟಲು ಸರಿಮಾಡಿಕೊಂಡಿದ್ದೂ ನೀನೇನಾ?"

ತಾತನ ಮುಖ ಬಿಳಿಚಿಕೊಂಡಿತು. "ನಿಮಗೂ ಕೇಳಿಸ್ತಾಮ್ಮಾ?"

ಅಂದಿನಿಂದ ಅವನು ಬಂಗಲೆಯನ್ನು ಎದುರಿನ ಟೀ ಅಂಗಡಿಯಿಂದಲೇ ಕಾಯತೊಡಗಿದ.

ವಿಚಾರಣೆ

ಗುಮಾಸ್ತರನ್ನು ವರಾಂಡದಲ್ಲೇ ಕೂರಿಸಿ, ಅಂತೂ ವಿಚಾರಣೆ ಶುರುಮಾಡಿದೆವು. ಹುಡುಗಿಯನ್ನು ಕರೆತಂದರು. "ಕೂತ್ಕೋಮ್ಮಾ" ಅಂದರೂ ಕೂರದೆ ಗೋಡೆಗೆ ಒರಗಿ ಗಡಗಡ ನಡುಗುತ್ತಿದ್ದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ತಲೆಯ ಮೇಲಿನ ಫ್ಯಾನ್ ನಿಂತಿತು. ಒಳಕೋಣೆಯದು ನಿಧಾನಕ್ಕೆ ಕಿರುಗುಟ್ಟುತ್ತಾ ತಿರುಗತೊಡಗಿತು.

ಮ್ಯಾಜಿಸ್ಟ್ರೇಟರ ಪೆನ್ನು ಜಾರಿಬಿತ್ತು. ಇನ್ನೊಬ್ಬ ಸದಸ್ಯರು ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ನಾನು ಮ್ಯಾಜಿಸ್ಟ್ರೇಟರ ತೋಳನ್ನು ಗಟ್ಟಿಯಾಗಿ ಹಿಡಿದಿದ್ದೆ. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ.

ಹುಡುಗಿ ನಮ್ಮ ಮೂವರ ಮುಖವನ್ನೂ ನೋಡಿದಳು. ಆಮೇಲೆ ಬಂದು ಕುರ್ಚಿಯಲ್ಲಿ ಆರಾಮಾಗಿ ಕೂತಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟು, ಇವತ್ತೇ ಅಮ್ಮನ ಜೊತೆ ಹೋಗಬಹುದು ಅಂದರು. ಹೊರಗಿದ್ದ ತಾಯಿ ಓಡಿಬಂದು ಮಗಳನ್ನು ತಬ್ಬಿಕೊಂಡಳು. ನನಗೂ ಕಣ್ಣು ತುಂಬಿತು.

ಹೊರಡುವಾಗ ಮ್ಯಾಜಿಸ್ಟ್ರೇಟರು ತಡೆಯಲಾರದೆ ಕೇಳಿದರು: "ಫ್ಯಾನ್ ತಿರುಗಿದಾಗ ನಿನಗೆ ಭಯ ಆಗಲಿಲ್ವೇನಮ್ಮಾ?"

"ಆಗ್ಲೇ ಸಾರ್ ಭಯ ಹೋಗಿದ್ದು," ಅಂದಳು ಹುಡುಗಿ. "ಆ ಬಂಗಲೆಯಲ್ಲಿ ಮೂರು ದೆವ್ವ ಕೂತಿರ್ತವೆ, ಸಿಕ್ಕಿದ ಮಕ್ಕಳನ್ನ ಬಿಡಲ್ಲ ಅಂತ ಬಾಲಗೃಹದ ಆಯಾ ಹೇಳಿದ್ರು. ನೀವೂ ಹೆದರಿದ್ರಿ ನೋಡಿ, ಆಗ ಗೊತ್ತಾಯ್ತು, ಮನುಷ್ಯರೇ ಅಂತ."