ಇಪ್ಪತ್ತೆರಡು ಸಹಿಯ ಸೂಟಿ

ಮುಲುಂಡ್ ಸ್ಟೇಷನ್ ಎದುರಿನ ಹೋಟೆಲ್ ಸುಪ್ರಸಾದಕ್ಕೆ ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ಬಂದು ಮಸಾಲೆ ದೋಸೆ ತಿಂದರು. ತಿಂದು ಸುಮ್ಮನೆ ಹೋಗಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಕೈ ತೊಳೆಯಲು ಎದ್ದವರು ಗೋಡೆಗಳನ್ನೆಲ್ಲ ನೋಡಿ, ಹನ್ನೊಂದು ಬಗೆಯ ಉತ್ತಪ್ಪದ ಪಟ್ಟಿ ಇದೆ, ಕೆಲಸದವರ ರಜೆಯ ಪಟ್ಟಿ ಎಲ್ಲಿ ಎಂದು ಕೇಳಿಬಿಟ್ಟರು.

ಮಾಲೀಕ ತಿಲಕ್ ಶೆಟ್ಟರು ಉತ್ತಪ್ಪದ ಪಟ್ಟಿಯನ್ನೇ ಒರೆಸತೊಡಗಿದರು. ಅವರ ಹೋಟೆಲಿನಲ್ಲಿ ಆಗಸ್ಟ್ ಹದಿನೈದೆಂದರೆ ಮೂರು ಬಣ್ಣದ ಇಡ್ಲಿ ಬೇಯಿಸುವ ದಿನ. ಮೇ ಒಂದೆಂದರೆ ಕಾರ್ಮಿಕ ದಿನದ ಸ್ಪೆಷಲ್ ಥಾಲಿಗಾಗಿ ಕಾರ್ಮಿಕರು ಒಂದು ಗಂಟೆ ಮುಂಚೆ ಬರುವ ದಿನ. ಅಧಿಕಾರಿ ಬೆರಳು ಮಡಚುತ್ತ ಕಾನೂನು ಹೇಳಿದರು. ಜನವರಿ ಇಪ್ಪತ್ತಾರು, ಮೇ ಒಂದು, ಆಗಸ್ಟ್ ಹದಿನೈದು, ಅಕ್ಟೋಬರ್ ಎರಡು ರಜೆಯೇ ಸರಿ, ಅದರ ಮಾತೇ ಬೇಡ. ಮೇಲೆ ನಾಲ್ಕು ಹಬ್ಬದ ರಜೆ. ಯಾವ ನಾಲ್ಕು ಎಂಬುದನ್ನು ಮಾಲೀಕರೂ ಕೆಲಸದವರೂ ಕೂತು ಹೊಸ ವರ್ಷ ಹುಟ್ಟುವ ಮೊದಲೇ ಒಪ್ಪಿಕೊಂಡು ಗೋಡೆಗೆ ಹಚ್ಚಬೇಕು.

ಅಂದು ಡಿಸೆಂಬರ್ ಮೂವತ್ತೊಂದು.

"ಕಿಶೋರಾ, ನೀನು ಬಿ.ಕಾಂ. ಅಲ್ವಾ ಮಾರಾಯ," ಎಂದರು ಶೆಟ್ಟರು, ಅಧಿಕಾರಿ ಮೆಟ್ಟಿಲಿಳಿದ ಮೇಲೆ. "ಸಂಜೆ ಐದರೊಳಗೆ ನಾಲ್ಕು ಹಬ್ಬ ಹುಡುಕು. ಇಪ್ಪತ್ತೆರಡು ಜನರ ಸಹಿಯೂ ಬೇಕು. ಗಲಾಟೆ ಮಾತ್ರ ಬೇಡ."

ವಿಜಯಪುರದ ಕಿಶೋರ ಸುಪ್ರಸಾದದಲ್ಲಿ ಪಾರ್ಟಿ ಆರ್ಡರ್ ಬರೆದುಕೊಳ್ಳುವವನು. ಶೆಟ್ಟರ ಮಾತು ಅವನ ಕಿವಿಗೆ ವಾಲಗದ ಹಾಗೆ ಕೇಳಿತು. ಏಕೆಂದರೆ ಸೌಮ್ಯಾಳ ಜೊತೆ ಅವನ ನಿಶ್ಚಯ ಈಗಾಗಲೇ ಎರಡು ಸಲ ತಪ್ಪಿಹೋಗಿತ್ತು. ಮೊದಲ ಸಲ ಯಾರದೋ ಮದುವೆಯ ನಾನೂರು ಪ್ಲೇಟ್ ಇಡ್ಲಿಗಾಗಿ, ಎರಡನೆಯ ಸಲ ಗಣಪತಿ ಮಂಡಲದವರ ಉಪ್ಪಿಟ್ಟಿಗಾಗಿ. ಸೌಮ್ಯಾಳ ಅಪ್ಪ ಚನ್ನಬಸಯ್ಯನವರು ನಿವೃತ್ತ ಹೆಡ್ ಕ್ಲರ್ಕ್. ರಜೆ ಇಲ್ಲದ ನೌಕರಿ ಅವರ ಲೆಕ್ಕದಲ್ಲಿ ನೌಕರಿಯೇ ಅಲ್ಲ.

ಕಿಶೋರ ಸಂಭ್ರಮದಿಂದ ಅವರಿಗೆ ಫೋನು ಹಚ್ಚಿದ. "ಮಾಮಾರ, ಈ ಸಲ ಬಸವ ಜಯಂತಿಗೆ ಸೂಟಿ ಬರಸ್ತೀನ್ರಿ. ಅವತ್ತ ನಿಶ್ಚಯ ಇಟ್ಕೊಳ್ರಿ."

ಆ ಕಡೆ ಮೌನ. ಚನ್ನಬಸಯ್ಯನವರು ಮಾತಾಡದಿದ್ದಾಗಲೇ ಹೆಚ್ಚು ಹೇಳುತ್ತಿದ್ದರು. ಆ ಮೌನ ಕಿಶೋರನಿಗೆ ಫ್ರಿಜ್ಜಿನ ಬಾಗಿಲು ತೆರೆದ ಹಾಗೆ ಕಿವಿಗೆ ತಣ್ಣಗೆ ತಾಗಿತು.

"ಬಾಯಿ ಮಾತ ಬ್ಯಾಡ," ಎಂದರು ಕೊನೆಗೆ. "ಸಹಿ, ಶಿಕ್ಕಾ ಇರೋ ಕಾಗದ ಸಂಜೀ ಒಳಗ ಕಳಸ್ರಿ. ಧಾರವಾಡದ ಬ್ಯಾಂಕಿನ ಹುಡುಗನ್ನ ಇನ್ನೂ ಬ್ಯಾಡ ಅಂದಿಲ್ಲ ನಾವು. ಅವಗ ಎರಡನೇ ಶನಿವಾರಾನೂ ಸೂಟಿ ಐತಿ."

ಕಿಶೋರ ಕಾಗದ ಹಿಡಿದು ಅಡುಗೆಮನೆಗೆ ನುಗ್ಗಿದ. ದೀಪಾವಳಿ ಮತ್ತು ಚೌತಿಗೆ ಯಾರದೂ ತಕರಾರಿಲ್ಲ. ಎರಡು ಉಳಿದವು. ಅಲ್ಲಿಂದ ಶುರುವಾಯಿತು.

"ಅಷ್ಟಮಿ ಬರಿ," ಎಂದ ದೋಸೆಭಟ್ಟ ದೂಜಣ್ಣ, ಸಟ್ಟುಗ ಎತ್ತಿ. "ಮೊಸರು ಕುಡಿಕೆ ನೋಡದೆ ಮೂವತ್ತು ವರ್ಷ ಆಯ್ತು ಮಾರಾಯ. ಬೇರೆಯವರು ಮಡಕೆ ಒಡೀತಾರೆ, ನಾನಿಲ್ಲಿ ಈರುಳ್ಳಿ ದೋಸೆ ಮಗುಚುದು."

"ಮಡಕೆ ಒಡೀಲಿಕ್ಕೆ ನಿಮ್ಮ ಮಂಡಿ ಬಗ್ಗುದುಂಟಾ?" ಎಂದಳು ಕಾಯಿ ತುರಿಯುತ್ತಿದ್ದ ಸೇವಂತಕ್ಕ. "ನಾಗರ ಪಂಚಮಿ ಬರಿ ಕಿಶೋರ. ನಾಗನ ಹತ್ರ ತಮಾಷೆ ಬೇಡ."

"ಎಳ್ಳ ಅಮಾಸಿ!" ಎಂದು ಪಾರ್ಸೆಲ್ ಕೌಂಟರಿನಿಂದಲೇ ಕೂಗಿದ ಖಂಡಪ್ಪ. "ಹೊಲ ಇಲ್ಲದಿದ್ರ ಏನಾತು? ಭೂಮಿತಾಯಿಗೆ ಟೆರೇಸಿನ ಮ್ಯಾಲ ಚರಗಾ ಚೆಲ್ತೀನಿ!"

ವಾದ ಕಾವೇರಿತು, ಕಾವಲಿ ತಣ್ಣಗಾಯಿತು. ಹೊರಗೆ ಗಿರಾಕಿಗಳು ಚಮಚದಿಂದ ಟೇಬಲ್ ಬಡಿಯತೊಡಗಿದರು. ಇಡ್ಲಿ ಕೇಳಿದವರಿಗೆ ಪಾವ್ ಭಾಜಿ ಹೋಯಿತು. ಉಪವಾಸದವರೊಬ್ಬರಿಗೆ ಈರುಳ್ಳಿ ಪಕೋಡ ಹೋಗಿ, ಅವರು ಅದನ್ನು ಮುಗಿಸಿಯೇ ದೂರು ಕೊಟ್ಟರು. ದಿನಾ ಮೂಲೆಯ ಟೇಬಲಿನಲ್ಲಿ ಕೂರುವ ಮರಾಠಿ ಅಜ್ಜ, ಎಲ್ಲರ ಆಜೋಬಾ, ಗಲಾಟೆಯ ಕಾರಣ ಕೇಳಿ ತಿಳಿದು, ಕನ್ನಡಕ ಮೂಗಿಗಿಳಿಸಿ ಒಂದೇ ಮಾತು ಕೇಳಿದರು. "ಆಣಿ ಪಾಡ್ವಾ?"

ಎಲ್ಲರೂ ತಲೆ ತಗ್ಗಿಸಿದರು. ಮಹಾರಾಷ್ಟ್ರದ ಅನ್ನ ತಿಂದು ಗುಡಿ ಪಾಡ್ವಾ ಮರೆತಿದ್ದರು. ಪಾಡ್ವಾ ಪಟ್ಟಿಗೆ ಏರಿತು. ನಮ್ಮ ಯುಗಾದಿಯೂ ಅವತ್ತೇ ಎಂದು ಸಮಾಧಾನ ಮಾಡಿಕೊಂಡರು. ಉಳಿದದ್ದು ಒಂದೇ ಒಂದು.

ಆಗ ಕಿಶೋರ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದ. "ಈ ಸಲ ಬಸವ ಜಯಂತಿ ಇರಲಿ, ನನ್ನ ನಿಶ್ಚಯ ಅದ," ಎಂದ. ನಿಶ್ಚಯ ಎಂದ ಕೂಡಲೇ ಎಲ್ಲರ ಮನಸ್ಸೂ ಕರಗಿತು. ಆದರೆ ಬಿಟ್ಟಿಯಾಗಿ ಅಲ್ಲ.

"ಒಂದು ಚೀಲ ಈರುಳ್ಳಿ ಹೆಚ್ಚು. ಅಷ್ಟಮಿ ಬಿಡ್ತೇನೆ," ಎಂದ ದೂಜಣ್ಣ. ಕಿಶೋರ ಅಳುತ್ತ ಹೆಚ್ಚಿದ. ಸೇವಂತಕ್ಕನಿಗೆ ನಾಗರ ಪಂಚಮಿಯ ದಿನ ಅವಳ ಬದಲು ತಾನೇ ಕಾಯಿ ತುರಿಯುವುದಾಗಿ ಮಾತು ಕೊಟ್ಟ. ಖಂಡಪ್ಪ ಮಾತ್ರ ಗಟ್ಟಿ ಆಸಾಮಿ.

"ನಿನ್ನ ವಾರದ ಸೂಟಿ ನಂಗ ಕೊಡು. ಆರು ವಾರ."

"ಆರು ವಾರ ನಾ ಎಲ್ಲಿ ಸಾಯ್ಲಿ?"

"ಇಲ್ಲೇ. ಪಾರ್ಸೆಲ್ ಕಟ್ಟತಾ ಸಾಯಿ. ನಿನ್ನ ನಿಶ್ಚಯ ಅಲ್ಲೇನೋ ತಮ್ಮಾ?"

ಉಳಿದವರಿಗೂ ಸುದ್ದಿ ಮುಟ್ಟಿ, ಪ್ರತಿಯೊಬ್ಬರ ಅಂತಃಕರಣಕ್ಕೂ ಒಂದೊಂದು ಬೆಲೆ ಹುಟ್ಟಿತು. ನಾಲ್ಕೂವರೆಗೆ ಇಪ್ಪತ್ತೆರಡು ಸಹಿ ಬಿದ್ದಾಗ, ಆ ಒಂದು ದಿನದ ರಜೆಗಾಗಿ ಕಿಶೋರ ದೀಪಾವಳಿಯವರೆಗಿನ ತನ್ನ ವಾರದ ರಜೆಗಳನ್ನೆಲ್ಲ ಹಂಚಿಬಿಟ್ಟಿದ್ದ. ಕಣ್ಣು ಟೊಮೇಟೊ ಆಗಿತ್ತು, ಅಂಗಿಯ ಮೇಲೆ ಅಂದಿನ ಮೆನು ಪೂರ್ತಿ ಇತ್ತು.

ಶೆಟ್ಟರು ಕಾಗದ ಓದಿದರು. ಹುಬ್ಬು ಗಂಟಿಕ್ಕಲಿಲ್ಲ, ಬೈಯಲಿಲ್ಲ. ಸಹಿ ಮಾಡಿ ಶಿಕ್ಕಾ ಒತ್ತಿದರು. ಕಿಶೋರ ಫೋಟೊ ತೆಗೆದು ಚನ್ನಬಸಯ್ಯನವರಿಗೆ ಕಳಿಸಿದ.

ಫೋನು ಬಂತು. ಈ ಸಲ ಮೌನ ಗಿಡ್ಡದಾಗಿತ್ತು. "ಛಲೋ ಆತು. ಕಲ್ಯಾಣ ಮಂಟಪ ಹೇಳ್ತೀನಿ. ಅಡಿಗಿಯವರಿಗೂ ಮುಂಗಡ ಕೊಟ್ಟಬಿಡ್ತೀನಿ."

ಕಿಶೋರ ನೆಲದಿಂದ ಎರಡು ಗೇಣು ಮೇಲೆ ನಡೆಯುತ್ತ ಬಂದ. ಶೆಟ್ಟರು ಬೆನ್ನು ತಟ್ಟಿದರು. "ನಮ್ಮವರು ನಾಲ್ಕು ಜನ ಒಂದು ಮಾತಿಗೆ ಬಂದದ್ದು ನಾನು ಕಂಡಿರ್ಲಿಲ್ಲ. ನೀನು ಇಪ್ಪತ್ತೆರಡು ಜನರನ್ನು ಒಪ್ಪಿಸಿದ್ದಿ. ಇವತ್ತಿಂದ ನೀನೇ ಮ್ಯಾನೇಜರ್." ಎಂದು ಇನ್ನೊಂದು ಟೈಪಾದ ಕಾಗದ ತೆಗೆದು, ರಜೆಯ ಪಟ್ಟಿಯ ಪಕ್ಕದಲ್ಲೇ ಅಂಟಿಸಿದರು. ಮೇಲೆ ದಪ್ಪಕ್ಷರದಲ್ಲಿ 'ಮ್ಯಾನೇಜರ್: ಕಿಶೋರ' ಎಂದಿತ್ತು. ಹುಡುಗರು ಚಪ್ಪಾಳೆ ಹೊಡೆದರು. ಕಿಶೋರ ಅದರದೂ ಫೋಟೊ ತೆಗೆದು ಭಾವಿ ಮಾವನಿಗೆ ಕಳಿಸಿದ. ಬ್ಯಾಂಕಿನ ಹುಡುಗ ಇನ್ನೂ ಗುಮಾಸ್ತನೇ ಅಲ್ಲವೇ?

ಎರಡು ನಿಮಿಷಕ್ಕೆ ಫೋನು.

"ಕೆಳಗಿನ ಸಣ್ಣ ಸಾಲು ಓದೀರೇನು?"

ಕಿಶೋರ ಗೋಡೆಗೆ ಮೂಗು ತಾಗಿಸಿ ಓದಿದ: 'ಇವರು ಮೇಲ್ವಿಚಾರಣೆಯ ಹುದ್ದೆಯಲ್ಲಿರುವುದರಿಂದ ಪಕ್ಕದ ಪಟ್ಟಿಯ ರಜೆಗಳು ಇವರಿಗೆ ಅನ್ವಯಿಸುವುದಿಲ್ಲ.'

"ಧಣಿ, ಇದೇನ್ರಿ?"

"ಕಾನೂನೇ ಹಾಗೆ ಮಾರಾಯ. ಮ್ಯಾನೇಜರಿಗೆ ಆ ಕಾಯ್ದೆ ಇಲ್ವಂತೆ, ಆದ್ರೆ ಹೆಸರು ಗೋಡೆ ಮೇಲೆ ಹಾಕ್ಬೇಕಂತೆ. ಆ ಆಫೀಸರೇ ಹೋಗುವಾಗ ಹೇಳಿದ್ದು. ಬಸವ ಜಯಂತಿಗೆ ಹೇಗೂ ಹೋಟೆಲು ಖಾಲಿ ಇರ್ತದಲ್ಲ, ಪೇಂಟಿನವರಿಗೆ ಬರ್ಲಿಕ್ಕೆ ಹೇಳಿದ್ದೇನೆ. ನೀನು ನಿಂತು ಮಾಡಿಸ್ಬೇಕು."

"ನನ್ನ ನಿಶ್ಚಯ ಐತ್ರಿ!"

"ಹೌದಾ? ಹಾಗಾದ್ರೆ ಒಂದು ರಜೆ ಅರ್ಜಿ ಬರಿ."

"ಯಾರಿಗೆ ಕೊಡ್ಲಿ?"

"ಮ್ಯಾನೇಜರಿಗೆ." ಶೆಟ್ಟರು ಕನಿಕರದಿಂದಲೇ ಹೇಳಿದರು. "ಬದಲಿ ಜನ ಇದ್ರೆ ನೀನೇ ಪಾಸು ಮಾಡಿಕೋ. ನಾನು ಅಡ್ಡ ಬರುದಿಲ್ಲ."

ಫೋನು ಇನ್ನೂ ಕಿವಿಯಲ್ಲೇ ಇತ್ತು. "ಮಂಟಪ ಹೇಳಿ ಆತು," ಎಂದರು ಚನ್ನಬಸಯ್ಯನವರು. "ಬಸವ ಜಯಂತಿ ದಿನ ಬರೋ ಹುಡುಗನೇ ನಮ್ಮ ಅಳಿಯ." ಆಮೇಲೆ ಉದ್ದನೆಯ ಮೌನ. ಬಹಳ ಹೊತ್ತಿನ ಮೇಲೆ, ಅದು ಫೋನಿಟ್ಟ ಮೌನ ಎಂದು ಕಿಶೋರನಿಗೆ ತಿಳಿಯಿತು.

ಅವನು ಅರ್ಜಿ ಬರೆದ. ಬದಲಿ ಜನರನ್ನು ಹುಡುಕುತ್ತ ಅಡುಗೆಮನೆಗೆ ಹೋದ. ಅಲ್ಲಿ ಖಂಡಪ್ಪ ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದ, ಸುತ್ತ ಎಲ್ಲರೂ ನಿಂತಿದ್ದರು.

"ಬರ್ರಿ ಮ್ಯಾನೇಜರ್ ಸಾಹೇಬ್ರ! ವಿಜಯಪುರಕ್ಕ ಪೂರಾ ಬಸ್ಸ ಮಾಡಾಕತ್ತೀವಿ. ನಿಮ್ಮ ನಿಶ್ಚಯಕ್ಕ ಇಪ್ಪತ್ತೊಂದು ಮಂದಿ, ಒಬ್ಬರೂ ತಪ್ಪಂಗಿಲ್ಲ."

"ನಂಗೆ ಕಿಟಕಿ ಸೀಟು," ಎಂದಳು ಸೇವಂತಕ್ಕ.

ಕಿಶೋರ ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ವಾಪಸು ಬಂದು ಹೊಸ ಕುರ್ಚಿಯಲ್ಲಿ ಕೂತು, ತನ್ನ ಅರ್ಜಿಯನ್ನು ತಾನೇ ಎರಡು ಸಲ ಓದಿದ. ಕೆಳಗೆ 'ಬದಲಿ ಜನರಿಲ್ಲ, ತಿರಸ್ಕರಿಸಲಾಗಿದೆ' ಎಂದು ಬರೆದು, ಮ್ಯಾನೇಜರ್ ಎಂದು ಸಹಿ ಹಾಕಿದ.