ಖಾಲಿ ಐತಿ ಅಂದ ಸೀಟಿನ್ಯಾಗ ತಾವ ಕುಂತ ಫರ್ಮ್‌ವೇರ್ ಸಾಹೇಬರಿಗೆ

ಮಾನ್ಯರಾದ, ಮಾನ್ಯರೊಳಗೂ ಮೊದಲನೇ ಮಾನ್ಯರಾದ, ಕಂಪ್ಯೂಟರಿನ್ಯಾಗ ಕರೆಂಟ್ ಬಂದ ಕೂಡ್ಲೆ ಎಲ್ಲಾರಕಿಂತ ಮೊದ್ಲ ಎದ್ದು ಕುಂಡ್ರೂ ಫರ್ಮ್‌ವೇರ್ ಸಾಹೇಬರ ಸನ್ನಿಧಾನಕ್ಕ,

ಗದಗ–ಮುಂಡರಗಿ ಬಸ್ಸಿನ ರಿಟೈರ್ಡ್ ಕಂಡಕ್ಟರ್, ಸದ್ಯ ಬೆಟಗೇರಿಯೊಳಗ ಕಟ್ಟಿ ಮ್ಯಾಲ ಕುಂಡ್ರೂ ಕೆಲಸಕ್ಕ ಕಾಯಂ ಆಗಿರೋ ಹುಚ್ಚೀರಪ್ಪ ಹೊಂಬಳ ಮಾಡೂ ಶರಣು ಶರಣಾರ್ಥಿ. ಇತ್ತ ನಾವು ಆರಾಮ ಅದೇವಿ, ಅತ್ತ ತಾವೂ ತಮ್ಮ ಚಿಪ್ಪಿನ್ಯಾಗ ತಣ್ಣಗ ಇದ್ದೀರಿ ಅಂತ ತಿಳೀತೇನಿ, ಯಾಕಂದ್ರ ಬಿಸಿ ಆದವರೆಲ್ಲಾ ಈ ಕಡೆದವರ ಅದೇವಿ. ತಮ್ಮ ಹಳೇ ಹೆಸರು ಬಯೋಸ್ ಅಂತ ಗೊತ್ತಾತು. ಬಯ್ಯಿಸ್ಕೊಳ್ಳಾಕಂತನ ಹುಟ್ಟಿದವರಿಗೆ ಇಷ್ಟು ಮುಂದಾಲೋಚನೆಯಿಂದ ಹೆಸರಿಟ್ಟ ಪುಣ್ಯಾತ್ಮ ಯಾರೋ ಏನೋ, ಅಂವನ ಪಾದ ಎಲ್ಲೈತಿ ಹೇಳ್ರಿ, ಹೋಗಿ ಮುಟ್ಟಿ ಬರ್ತೇನಿ. ಆದ್ರ ನಾ ಇವತ್ತ ಬಯ್ಯಾಕ ಕುಂತಿಲ್ಲ. ತಮ್ಮನ್ನ ಹೊಗಳಾಕ ಕುಂತೇನಿ, ದಯಮಾಡಿ ಗಾಬರಿ ಆಗಬ್ಯಾಡ್ರಿ.

ಸುಳ್ಳು ಹೇಳೋದ್ರಾಗ ಈ ಕಡೆ ನನ್ನ ಸರಿಸಮಾನ ಯಾರೂ ಇಲ್ಲಂತ ಇಷ್ಟ ದಿನ ಎದಿ ಉಬ್ಬಿಸ್ಕೊಂಡು ಅಡ್ಡಾಡ್ತಿದ್ದೆ. ನಮ್ಮ ಬಾಜೂ ಮನಿ ಸಿದ್ದಲಿಂಗೇಶಗ ಹುಟ್ಟಿದಾಗಿಂದ ಕಣ್ಣಿಲ್ಲ, ಆದ್ರ ಅಂವ ಹಾರ್ಮೋನಿಯಮ್ ಮುಂದ ಕುಂತು ಭೈರವಿ ತಗದನಂದ್ರ ಕಣ್ಣಿದ್ದವರೂ ಕಣ್ಣು ಮುಚ್ಚತಾರ. ಅಂವಗ ದಿನಾ ಮುಂಜಾನೆ ಪೇಪರ್ ಓದಿ ಹೇಳಾಂವ ನಾನ. ಪೇಪರಿನ್ಯಾಗ ಇದ್ದದ್ದು ಯಾವತ್ತೂ ಸಪ್ಪನ ಸುದ್ದಿ, ಅದಕ್ಕ ನಾನ ಒಂದೀಟು ಉಪ್ಪು ಹಾಕಿ, ಡಂಬಳದ ಕೆರ್ಯಾಗ ತಿಮಿಂಗಲ ಕಂಡತಂತ, ಶಿರಹಟ್ಟಿ ಕಡೆ ಒಂದು ಹೋರಿ ಪಂಚಾಯ್ತಿಗೆ ಅವಿರೋಧ ಆರಿಸಿ ಬಂತಂತ, ಇನ್ನ ಮ್ಯಾಲ ಬಸ್ಸಿನ್ಯಾಗ ಸೊಳ್ಳಿಗೂ ಅರ್ಧ ಟಿಕೀಟ್ ಅಂತ ಓದಿ ಹೇಳ್ತಿದ್ದೆ. ಅಂವ ಅದನ್ನ ಚಾದಂಗಡ್ಯಾಗ ಹೇಳಿ ಮಂದಿ ಕಡೆ ನಗಿಸ್ಕೊಂಡು ಬಂದು, "ಮಾಮಾ, ನಿಮ್ಮ ನಾಲಿಗಿಗೆ ಬ್ರೇಕ್ ಇಲ್ಲ, ಹಾರನ್ ಅಷ್ಟ ಐತಿ" ಅಂತಿದ್ದ. ಆಮ್ಯಾಲ ಅಂವಗ ಮಾತಾಡೋ ಕಂಪ್ಯೂಟರ್ ಸಿಕ್ಕತು. ಪರದೆ ಮ್ಯಾಲ ಏನೈತೋ ಅದನ್ನ ಇದ್ದದ್ದು ಇದ್ದಂಗ ಓದಿ ಹೇಳೋ ಮಷಿನ್. ಅವತ್ತ ಅಂವ ನನಗ ಸ್ವಯಂ ನಿವೃತ್ತಿ ಕೊಟ್ಟ.

ಇಂಥಾದ್ರಾಗ ಲಕ್ಷ್ಮೇಶ್ವರದ ಒಂದು ಸಂಗೀತ ಶಾಲಿಯೊಳಗ ಮಾಸ್ತರ ಜಾಗಾ ಖಾಲಿ ಆತು. ನೀವು ಪಾಠ ಹೆಂಗ ಮಾಡ್ತೀರಿ ಅನ್ನೋದನ್ನ ನಿಮ್ಮ ದನಿಯೊಳಗ ಮುದ್ರಿಸಿ ಶುಕ್ರವಾರ ಸಂಜಿ ಒಳಗ ಕಳಸ್ರಿ ಅಂದ್ರು. ಸಿದ್ದಲಿಂಗೇಶ ಅರ್ಧಾ ಪಾಠ ಮುದ್ರಿಸಿಟ್ಟಿದ್ದ, ಇನ್ನರ್ಧಾ ಉಳದಿತ್ತು. ಈ ಜಾಗಾ ಸಿಕ್ಕರ ಅಂವ ತನ್ನ ಕಾಲ ಮ್ಯಾಲ ನಿಂತ. ತಪ್ಪಿದ್ರ ಮತ್ತ ಅಣ್ಣನ ಗಾಡಿ ಹಿಂದ ಕುಂತು ಮನಿಮನಿ ತಿರುಗಿ, ಸರಿಗಮ ಕಲಿಯಾಕ ಒಲ್ಲೆ ಅನ್ನೋ ಹುಡುಗ್ರಿಗೆ ಸರಿಗಮ ಕಲಸಬೇಕು. ತಮ್ಮಂಥ ದೊಡ್ಡವರಿಗೆ ಇದು ಸಣ್ಣ ಮಾತು, ನಮ್ಮ ಓಣಿಗೆ ಇದ ದೊಡ್ಡ ಮಾತು.

ಅದ ವಾರ ತಮ್ಮ ಕಂಪನಿಯಿಂದ ತಮಗ ಬಡ್ತಿ ಬಂತು. "ಹೊಸಾ ಸುಧಾರಣೆ ಬಂದೈತಿ, ಹಾಕಲೇನು?" ಅಂತ ಮಷಿನ್ ಕೇಳ್ತು. ಸುಧಾರಣೆ ಅಂದ್ರ ಯಾರು ಬ್ಯಾಡ ಅಂತಾರ್ರೀ? ಸಿದ್ದಲಿಂಗೇಶ ಹೂಂ ಅಂದ. ತಾವು ಸುಧಾರಿಸಿದ್ರಿ. ಮರುದಿನದಿಂದ ಮಷಿನ್ ಮಾತು ಬಿಡ್ತು.

ತಮಗ ಕಣ್ಣಿದ್ದವರ ಕಷ್ಟ ಅಷ್ಟ ಗೊತ್ತಿರಬೇಕು, ಅದಕ್ಕ ಹೇಳ್ತೇನಿ: ಮಷಿನ್ ಸತ್ತಾಗ ನಮಗ ಪರದೆ ಮ್ಯಾಲ ಅಕ್ಷರಾನರ ಕಾಣ್ತಾವ, ಸಿದ್ದಲಿಂಗೇಶಗ ಬರೇ ಫ್ಯಾನಿನ ಸಪ್ಪಳ. ಫೋನಿಗೆ ಪರದೆ ತೋರಿಸಿ ಓದಿಸಿದ, ಅದು ಸೊನ್ನಿಗೆ ಓ ಅಂತಿತ್ತು, ಎಂಟಕ್ಕ ಬಿ ಅಂತಿತ್ತು. ರಿಪೇರಿ ಅಂಗಡಿ ಇನಾಯತ, ಒಳ್ಳೇ ಮನುಷ್ಯ, ಒಂದ ಔಷಧ ಗೊತ್ತಿರೋ ಡಾಕ್ಟರು, "ಫಾರ್ಮ್ಯಾಟ್ ಹೊಡದ ಬಿಡ್ತೇನಿ, ಹೊಸಾ ಮದಲಿಂಗನಂಗ ಏಳ್ತೈತಿ" ಅಂದ. ಹೌದು, ಮದಲಿಂಗ ಎದ್ದಾನು, ಆದ್ರ ಮುದ್ರಿಸಿಟ್ಟ ಪಾಠ ಎಲ್ಲಾ ಮಣ್ಣುಪಾಲು. ಕಡೀಕ ಸಿದ್ದಲಿಂಗೇಶ ಕೋಲು ಊರ್ಕೊಂತ ನನ್ನ ಕಟ್ಟಿಗೆ ಬಂದು ಅಂದ: "ಮಾಮಾ, ಕಣ್ಣು ಬೇಕಾಗ್ಯಾವ. ನಾಲಿಗಿ ಮನ್ಯಾಗ ಇಟ್ಟು ಬರ್ರಿ."

ಹೋದೆ. ಪರದೆ ಮ್ಯಾಲ ಬಿಳೇ ಅಕ್ಷರ ಸಾಲುಸಾಲು ಬಂದು ಗಕ್ಕನ ನಿಂತಿದ್ವು. ಕಡೇ ಸಾಲು ಓದಿ, "ಕರ್ನಲ್ ಸಾಹೇಬ ಗಾಬರ್ಯಾಗ್ಯಾನಪಾ" ಅಂದೆ. "ಮಾಮಾ, ಚಾಷ್ಟಿ ಬ್ಯಾಡ್ರಿ" ಅಂದ. ಸಾಹೇಬ್ರ, ಖರೇನ ಹಂಗ ಬರದಿತ್ತು, ಕರ್ನಲ್ ಪ್ಯಾನಿಕ್ ಅಂತ! ಕರ್ನಲ್ ಅಂದ್ರ ಮಿಲ್ಟ್ರಿಯಾಂವ ಅಲ್ಲ, ಮಷಿನ್ನಿನ ಎಲ್ಲಾ ಕಾರಭಾರ ನೋಡ್ಕೊಳ್ಳೋ ಯಜಮಾನ ಅಂತ ಆಮ್ಯಾಲ ತಿಳೀತು. ಮಿಲ್ಟ್ರಿ ಕರ್ನಲ್ ಆಗಿದ್ರ ತಮ್ಮಂಥವರನ್ನ ಕಂಡು ಇಷ್ಟು ಅಂಜತಿದ್ದಿಲ್ಲ ಬಿಡ್ರಿ.

ನಾ ಓದಿದೆ, ಅಂವ ಕೇಳಿದ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಮ್ಮಿಲ್ಲ, ಹುಟ್ಟಿದಾಗಿಂದ ನಾ ಇಷ್ಟು ಪ್ರಾಮಾಣಿಕ ಇದ್ದದ್ದು ನನಗ ನೆನಪಿಲ್ಲ. ಅಂವ ನಂಬಲಿಲ್ಲ. "ಈಗ ಅದನ್ನ ಹಿಂದಿನಿಂದ ಮುಂದಕ್ಕ ಓದ್ರಿ" ಅಂದ. ಕಟ್ಟಿ ಹೇಳಿದ ಸುಳ್ಳನ್ನ ಉಲ್ಟಾ ಹೇಳಾಕ ಬರೂದಿಲ್ಲಂತ ಅಂವನ ಲೆಕ್ಕ. ನಾಲಿಗಿ ಗಂಟು ಬಿದ್ದಂಗಾತು, ಆದ್ರೂ ಓದಿದೆ. ಎರಡೂ ಕೂಡಿದ್ವು. ಆಗ, ಮಷಿನ್ನಿನ ಹೊಟ್ಟ್ಯಾಗಿನ ಕಾರಭಾರನೂ ಕೇಳಿಕೇಳಿ ಕಲಿತಿದ್ದ ಅಂವ, ಅದನ್ನ ಮತ್ತ ಚಾಲೂ ಮಾಡಿಸಿ, ಶುರುವಿಗೆ ತಾವು ಕರ್ನಲ್ ಕೈಗೆ ಕೊಡೋ ಚೀಟಿ ಓದಸಿದ. ಕರ್ನಲ್ ಎದ್ದ ಹೊತ್ತಿನ್ಯಾಗ ಅಂವಗ ಏನೂ ಗೊತ್ತಿರೂದಿಲ್ಲಂತ, "ನೆನಪಿನ ಜಾಗಾದಾಗ ಯಾವ ಸೀಟು ಖಾಲಿ, ಯಾವುದ್ರಾಗ ಕುಂತಾರ?" ಅಂತ ತಮ್ಮನ್ನ ಕೇಳ್ತಾನಂತ, ತಾವು ಚೀಟಿ ಕೊಡ್ತೀರಿ, ಅಂವ ಹಣಿಗೆ ಒತ್ಕೊಂಡು ನಂಬತಾನ. ಗಾಬರಿ ಆದ ಜಾಗಾದ ನಂಬರ್ ಹಿಡಕೊಂಡು ಚೀಟಿಯೊಳಗ ಹುಡುಕಿದ್ವಿ. ಅದರ ಮುಂದ ಬರದಿದ್ದು: ಬಳಸಾಕ ಅಡ್ಡಿಯಿಲ್ಲ.

"ಸಾಧ್ಯನ ಇಲ್ಲ. ಅಲ್ಲಿ ಫರ್ಮ್‌ವೇರ್ ಕುಂತಿರಬೇಕು, ಅದಕ್ಕ ಕರ್ನಲ್ ಬೀಳಾಕತ್ತೈತಿ, ಚೀಟ್ಯಾಗ ಕಾಯ್ದಿಟ್ಟದ್ದು ಅಂತ ಇರಬೇಕು. ಮಾಮಾ, ಇದರಾಗ ನನ್ನ ನೌಕರಿ ಐತಿ" ಅಂದ ಸಿದ್ದಲಿಂಗೇಶ. ಅಂವನ ದನಿ ಯಾವತ್ತೂ ಸುರ ತಪ್ಪಿದ್ದಿಲ್ಲ, ಅವತ್ತ ತಪ್ಪಿತು. ನಾ ಆಣಿ ಮಾಡಿದೆ. ನನ್ನ ಆಣಿಗೆ ನಮ್ಮ ಓಣ್ಯಾಗ ಸಾಲಾನೂ ಹುಟ್ಟೂದಿಲ್ಲ. ಕಡೀಕ ರೊಟ್ಟಿ ಬಡಿಯಾಕ ಕುಂತಿದ್ದ ನನ್ನ ಹೇಣ್ತಿ ಸುಮಿತ್ರವ್ವನ್ನ ಸಾಕ್ಷಿಗೆ ಕರದ್ವಿ. ಅಕಿ ಹಿಟ್ಟಿನ ಕೈಲೆ ಬಂದು, ಕಣ್ಣು ಕಿರಿದು ಮಾಡಿ, ಇಂಗ್ಲಿಷಿನ ಒಂದೊಂದ ಅಕ್ಷರ ಬಿಡಿಬಿಡಿಸಿ ಓದಿ, "ಈ ಮುದುಕಾ ಹೇಳಿದ್ದ ಖರೆ ಐತಿ ಸಿದ್ದೂ. ಇವತ್ತಿನ ತಾರೀಖು ಗೋಡಿ ಮ್ಯಾಲ ಬರದಿಡ್ರಿ ಯಾರರ" ಅಂದಳು.

ಈಗ ನನ್ನ ತಕರಾರಿಗೆ ಬರ್ತೇನಿ, ಸಾಹೇಬ್ರ. ಬಡ್ತಿ ಸಿಕ್ಕ ಸಂಭ್ರಮದಾಗ ತಾವು ಹಳೇ ಜಾಗಾ ಬಿಟ್ಟು ಹೊಸಾ ಜಾಗಾದಾಗ ಕುಂತ್ರಿ. ಕುಂಡ್ರಿ, ಬ್ಯಾಡ ಅಂದವರ್ಯಾರು. ಆದ್ರ ಕರ್ನಲ್ ಕೈಗೆ ಹಳೇ ಚೀಟಿನ ಕೊಟ್ರಿ. ಅಂವ ಪಾಪ, ಖಾಲಿ ಸೀಟಂತ ಬಂದು ಸಾಮಾನು ಹರವಿ ಕುಂಡ್ರತಾನ. ತಾವು ಕೆಳಗಿಂದ ಅಂವನ ತೊಡಿ ಮ್ಯಾಲ ತಮ್ಮ ಲೆಕ್ಕಾಚಾರ ಬರೀತೀರಿ. ಅಂವ ಹೌಹಾರಿ ಬೀಳ್ತಾನ. ನಾ ತಿಮಿಂಗಲ ಅಂದ್ರ ಒಂದು ಚಾದಂಗಡಿ ನಕ್ಕಿತು, ತಾವು ಖಾಲಿ ಐತಿ ಅಂದ್ರ ಇಡೀ ಮಷಿನ್ ಮಕಾಡೆ ಬಿತ್ತು. ಅದಕ್ಕೂ ನನಗ ಸಂಕಟ ಇಲ್ಲ. ನಾ ಖರೆ ಹೇಳಿದ್ರ ಉಲ್ಟಾ ಓದಸ್ತಾರ, ಹೇಣ್ತೀನ್ನ ಸಾಕ್ಷಿಗೆ ಕರೀತಾರ. ತಾವು ಸುಳ್ಳು ಹೇಳಿದ್ರ ಒಂದು ಮಾತೂ ಕೇಳದ ನಂಬತಾರ. ಈ ಮರ್ಯಾದಿ ತಮಗ ಹೆಂಗ ಸಿಕ್ಕತು ಅನ್ನೋದ ನನ್ನ ಸಂಕಟ. ತಾವು ದೊಡ್ಡ ಮನಸು ಮಾಡಿ ನನ್ನನ್ನ ಶಿಷ್ಯಾ ಅಂತ ಇಟ್ಕೊಂಡ್ರ, ದಿನಾ ತಮ್ಮ ಚಿಪ್ಪಿನ ಧೂಳಾ ಒರಸ್ತೇನಿ.

ಇಲಾಜು ಏನಂತ ಕೇಳಿದ್ರ, "ಆ ಜಾಗಾಕ್ಕ ಹೋಗಬ್ಯಾಡ ಅಂತ ಕರ್ನಲ್‌ಗೆ ಏಳೂಕಿಂತ ಮೊದ್ಲ ಹೇಳಿಡಬೇಕು" ಅಂದ ಸಿದ್ದಲಿಂಗೇಶ. "ಅಂದ್ರ ಟಾವೆಲ್ ಹಾಕಬೇಕು ಅನ್ನಲೇ" ಅಂದೆ ನಾ. ತಮಗ ಗೊತ್ತಿರಲಿಕ್ಕಿಲ್ಲ, ಗದಗ ಬಸ್‌ಸ್ಟ್ಯಾಂಡಿನ್ಯಾಗ ಮುಂಡರಗಿ ಬಸ್ಸು ನಿಲ್ಲೂಕಿಂತ ಮೊದ್ಲ ಕಿಡಕಿಯಿಂದ ಟಾವೆಲ್, ಕೈಚೀಲ, ಒಂದ ಕಾಲಿನ ಚಪ್ಪಲಿ, ಒಮ್ಮೊಮ್ಮೆ ಕೂಸು, ಒಳಗ ಬಂದು ಬೀಳ್ತಾವ. ಟಾವೆಲ್ ಬಿದ್ದ ಸೀಟಿನ್ಯಾಗ ಮಂತ್ರಿ ಬಂದ್ರೂ ಕುಂಡ್ರೂದಿಲ್ಲ. ನನ್ನ ಸರ್ವೀಸಿನ್ಯಾಗ ಮಂದಿ ಕೂಡ ಎಷ್ಟು ಜಗಳಾ ಮಾಡೇನಿ, ಆದ್ರ ಒಂದು ಟಾವೆಲ್ ಎತ್ತೋ ಧೈರ್ಯ ಮಾಡಿಲ್ಲ. ಆ ಕಾಯಿದೇನ ಕರ್ನಲ್‌ಗೂ ಹಚ್ಚಿದ್ವಿ: ಇಷ್ಟು ಜಾಗಾ, ಇಲ್ಲಿಂದ ಶುರು, ಯಾರೂ ಕುಂಡ್ರಂಗಿಲ್ಲ.

ಅದನ್ನ ಬರೆಯೋ ಸಾಲಿನ್ಯಾಗ ಒಂದು ಡಾಲರ್ ಗುರ್ತು ಬೇಕಂತ, ಅದರ ಮುಂದ ಒಂದು ಓರೆಗೆರಿ ಬೇಕಂತ. ಅಮೇರಿಕಾದ ರೊಕ್ಕಕ್ಕೂ ಊರುಗೋಲು ಬೇಕಾಗೇತಲ್ಲಪಾ ಅಂತ ನಗಚಾಟಿಕಿ ಮಾಡ್ಕೊಂತ ಒತ್ತಿದೆ. ಮತ್ತ ಗಾಬರಿ, ಮತ್ತ ಬಿಳೇ ಸಾಲು. ಶುಕ್ರವಾರದ ಮಧ್ಯಾಹ್ನ ಆಗಲೇ ಇಳೀತಿತ್ತು. "ಮಾಮಾ, ಗೆರಿ ತಲಿ ಯಾವ ಕಡೆ ವಾಲೇತಿ?" "ಕೊಪ್ಪಳದ ಕಡೆ." "ಹುಬ್ಬಳ್ಳಿ ಕಡೆ ವಾಲಿಸ್ರಿ ಮಾರಾಯ್ರ!" ಎಡಕ್ಕ ವಾಲೋ ಗೆರಿ ಹುಡುಕಿ ಒತ್ತಿದೆ. ಸಾಲು ಓಡಿದ್ವು, ಓಡಿದ್ವು, ನಿಲ್ಲಲೇ ಇಲ್ಲ, ಪರದೆ ಕಪ್ಪಾತು, ಆಮ್ಯಾಲ ಆ ಮಷಿನ್ ತನ್ನ ಮೂಗಿನ ದನಿಯೊಳಗ, "ಗುಪ್ತಪದ ನಮೂದಿಸಿ" ಅಂತು. ನಾ ಇಷ್ಟು ವರ್ಷ ಭೈರವಿ ಕೇಳೇನಿ, ಅಷ್ಟು ಚೊಲೋ ಯಾವತ್ತೂ ಕೇಳಿಲ್ಲ.

ಸಿದ್ದಲಿಂಗೇಶ ಕೈಲೆ ತಡವಿ ಹಾರ್ಮೋನಿಯಮ್ ಹತ್ರ ಎಳಕೊಂಡ. ಆಮ್ಯಾಲ, "ಮಾಮಾ, ಉಪಕಾರ ಆತು, ಈಗ ಹೊರಗ ಹೋಗಿ ಕುಂಡ್ರಿ, ನೀವು ಉಸುರು ಬಿಟ್ಟದ್ದೂ ಮುದ್ರಣ ಆಗತೈತಿ" ಅಂದ. ಟಾವೆಲ್ ಕಾಯಂ ಅಲ್ಲೇ ಇರೋ ಹಂಗ ಬರದಿಟ್ಟ, ಉಳದರ್ಧಾ ಪಾಠ ಮುದ್ರಿಸಿದ. ಅದರಾಗ ಹಿಂದ ಸುಮಿತ್ರವ್ವ ರೊಟ್ಟಿ ಬಡಿಯೋ ಸಪ್ಪಳ ಬಂದೈತಿ, ಅದನ್ನ ತಾಳ ಅಂತ ಪರೀಕ್ಷಕರು ತಿಳಕೊಂಡ್ರೋ ಏನೋ. ಹೊತ್ತಿನ್ಯಾಗ ಕಳಿಸಿದ. ಕರದ್ರು, ಕೇಳಿದ್ರು, ತಗೊಂಡ್ರು. ಈಗ ಅಂವ ದಿನಾ ಮುಂಜಾನೆ ಲಕ್ಷ್ಮೇಶ್ವರದ ಬಸ್ಸಿಗೆ ಒಬ್ಬನ ಹೋಗ್ತಾನ, ಶಾಲ್ಯಾಗ ಅಂವಗ ಮಾಸ್ತರ್ರ ಅಂತಾರ.

ಹಿಂಗಾಗಿ ತಮ್ಮಲ್ಲಿ ನನ್ನ ಕೋರಿಕಿ ಭಾಳ ಇಲ್ಲ. ಕುಂತಲ್ಲೇ ಕುಂತಿರ್ರಿ, ಆದ್ರ ಕುಂತೇನಿ ಅಂತ ಒಂದು ಮಾತು ಹೇಳ್ರಿ. ಅದೂ ಆಗೂದಿಲ್ಲಂದ್ರ ಎದ್ದು ನಿಂತು, ಕಂಬಿ ಹಿಡಕೊಂಡು, ಕರ್ನಲ್‌ಗೆ ಸೀಟು ಬಿಟ್ಟುಕೊಟ್ಟು ಮುಂದಿನ ಸ್ಟಾಪಿನ್ಯಾಗ ಇಳದಬಿಡ್ರಿ, ಟಿಕೀಟಿನ ಜವಾಬ್ದಾರಿ ನಂದು.

ವಿಶ್ವಾಸ ಇಟ್ಟು ಕೆಟ್ಟವರ ಪರವಾಗಿ, ಹಂಗಾಗಿಯೂ ತಮ್ಮ ವಿಶ್ವಾಸಿ,
ಹುಚ್ಚೀರಪ್ಪ ಹೊಂಬಳ, ಬೆಟಗೇರಿ

ತಾ.ಕ.: ಈ ಪತ್ರ ಕಳಸೂಕಿಂತ ಮೊದ್ಲ ಸಿದ್ದಲಿಂಗೇಶಗ ಓದಿ ಹೇಳ್ತೇನಂದೆ. "ಬ್ಯಾಡ್ರಿ ಮಾಮಾ, ನೀವು ಬರದದ್ದು ಒಂದು, ಓದೋದು ಒಂದು" ಅಂದು, ತನ್ನ ಮಷಿನ್ ಕಡೆನ ಓದಿಸಿದ. ಅಂದ್ರ ಸಾಹೇಬ್ರ, ತಮ್ಮ ಮ್ಯಾಲಿನ ತಕರಾರನ್ನ ತಾವ ಎಬ್ಬಿಸಿದ ಮಷಿನ್, ತಮ್ಮ ಪಕ್ಕದ ಸೀಟಿನ್ಯಾಗ ಕುಂತು, ಒಂದು ಅಕ್ಷರ ನುಂಗದಂಗ ಗಟ್ಟಿಯಾಗಿ ಓದಿತು. ತಮ್ಮ ಮನಿತನದಾಗೂ ಖರೆ ಹೇಳವರು ಅದಾರಂತ ತಿಳದು ಭಾಳ ಸಂತೋಷ ಆತು.