ಅಂಜಿಕಿ ವಹಿ

೧೯೮೧ರ ದಸರಾ ರಜೆಗೆ ಇನ್ನೂ ಎರಡು ವಾರವಿದ್ದ ಒಂದು ಗುರುವಾರ ಮಧ್ಯಾಹ್ನ, ನಮ್ಮ ಕಾಕಾ ನಾಲ್ಕನೆಯ ತರಗತಿಯ ಮಕ್ಕಳು ಮಾಡಿದ ಗಾಡಿಯಲ್ಲಿ ಕೂತು ಶಾಲೆಯ ಮುಂದಿನ ಇಳಿಜಾರಿನಲ್ಲಿ ಉರುಳಿ ಹೋಗಿ ತಿಪ್ಪೆಯಲ್ಲಿ ಬಿದ್ದರು. ಎಡ ಮೊಣಕೈ ತರಚಿತು, ಕನ್ನಡಕದ ಒಂದು ಕಡ್ಡಿ ಮುರಿಯಿತು, ಧೋತರದ ಬಣ್ಣ ಬದಲಾಯಿತು. ಕಣ್ಣಾರೆ ಕಂಡವರು ಮೂವತ್ತು ಮಕ್ಕಳು, ಹೆಡ್‌ಮಾಸ್ತರರು ಮತ್ತು ಒಂದು ಎಮ್ಮೆ.

ಅವರು ಬಿದ್ದದ್ದು ದೊಡ್ಡ ಸುದ್ದಿಯಲ್ಲ. ಹತ್ತಿ ಕೂತದ್ದು ಸುದ್ದಿ! ಯಾಕೆಂದರೆ ಹುನಗುಂದ ತಾಲೂಕಿನಲ್ಲಿ ಅವರಷ್ಟು ಅಂಜುಬುರುಕ ಮನುಷ್ಯ ಇನ್ನೊಬ್ಬರಿರಲಿಲ್ಲ. ಬೇರೆಯವರು ಅಂಜಿದರೆ ಮುಚ್ಚಿಡುತ್ತಾರೆ. ಕಾಕಾ ಅಂಜುವುದನ್ನು ಮಕ್ಕಳಿಗೆ ಕಲಿಸುತ್ತಿದ್ದರು, ಅದಕ್ಕೆ ಸರಕಾರ ತಿಂಗಳಿಗೊಮ್ಮೆ ಪಗಾರ ಕೊಡುತ್ತಿತ್ತು.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಗುಡೂರಿನ ಸಮೀಪದ ನಮ್ಮೂರ ಶಾಲೆಯಲ್ಲಿ ಮಾಸ್ತರರು. ನಾನು ಅದೇ ಶಾಲೆಯಲ್ಲಿ ನಾಲ್ಕನೆಯ ತರಗತಿ. ಮನೆಯಲ್ಲಿ ಕಾಕಾ, ಶಾಲೆಯಲ್ಲಿ ಸರ್. ಕೈಕೆಲಸದ ಸಾಮಾನು ತರಲು ಅವರು ಹುನಗುಂದಕ್ಕೆ ಹೋಗುವಾಗ ಬಸ್ಸಿನ ಗಾಲಿಗಳನ್ನು ಒಂದು ಸುತ್ತು ನೋಡಿ, ಡ್ರೈವರನ ಹತ್ತಿರ ಹೋಗಿ, ನಿನ್ನೆ ನಿದ್ದೆ ಸರಿಯಾಗಿ ಆಯಿತೇ ಎಂದು ಕೇಳುತ್ತಿದ್ದರು. ಪ್ರತಿ ಸಲ ಕೇಳಿಸಿಕೊಂಡು ಸಾಕಾಗಿದ್ದ ಒಬ್ಬ ಡ್ರೈವರ್ ಒಮ್ಮೆ ಹೇಳಿದ: “ಛಲೋ ಆತ್ರಿ ಮಾಸ್ತರ. ಇನ್ನೂ ಸ್ವಲ್ಪ ಉಳದೈತಿ, ದಾರ್ಯಾಗ ಮಾಡ್ತೇನಿ.” ಕಾಕಾ ಇಳಿದು ಮನೆಗೆ ನಡೆದು ಬಂದರು.

ಬೇರೆ ಶಾಲೆಗಳಲ್ಲಿ ಕೈಕೆಲಸದ ತಾಸು ಎಂದರೆ ಮಣ್ಣಿನ ಮಾವಿನಕಾಯಿ, ಬಣ್ಣದ ಕಾಗದದ ಮಾಲೆ. ನಮ್ಮಲ್ಲಿ ಗರಗಸ, ಸುತ್ತಿಗೆ, ಮೊಳೆ. ಆದರೆ ಅವನ್ನು ಮುಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. “ಇದು ಹೆಂಗ ಮುರೀತೈತಿ?” ಮಾಡುವುದಕ್ಕೂ ಮೊದಲೇ ಮುರಿಯುವುದರ ಲೆಕ್ಕವೇ? ಹೌದು! ಒಬ್ಬೊಬ್ಬರೂ ತಮಗೆ ತೋಚಿದ ಅಂಜಿಕೆ ಹೇಳಬೇಕು, ಅದನ್ನು ಒಂದು ಉದ್ದನೆಯ ವಹಿಯಲ್ಲಿ ಬರೆಯಬೇಕು, ಪ್ರತಿಯೊಂದರ ಎದುರಿಗೆ ಅದರ ಪರಿಹಾರ, ಅಂದರೆ ಇಲಾಜು, ಬರೆಯಬೇಕು. ಹತ್ತು ಅಂಜಿಕೆ ತುಂಬದೆ ಸುತ್ತಿಗೆ ಪೆಟ್ಟಿಗೆಯಿಂದ ಹೊರಗೆ ಬರುತ್ತಿರಲಿಲ್ಲ. ಅದಕ್ಕೆ ಅಂಜಿಕಿ ವಹಿ ಎಂದೇ ಹೆಸರು.

ಒಮ್ಮೆ ಮೂರು ಕಾಲಿನ ಮಣೆ ಮಾಡಿದೆವು. ಆ ಸಲದ ಏಳನೆಯ ಅಂಜಿಕೆ ‘ಹೆಡ್‌ಮಾಸ್ತರರು ಕೂತರೆ’ ಎಂದಿತ್ತು. ಹೆಡ್‌ಮಾಸ್ತರರು ತೂಕದ ಮನುಷ್ಯರು, ಎಲ್ಲ ಅರ್ಥದಲ್ಲೂ. ವಹಿ ಅವರ ಕೈಗೆ ಸಿಕ್ಕಿತು. ಇದನ್ನು ಬರೆದವರು ಯಾರೆಂದು ಕೇಳಿದರು. ಕಾಕಾ ಎರಡು ಹೆಜ್ಜೆ ಹಿಂದೆ ಸರಿದು, ಆದರೆ ಸುಳ್ಳು ಹೇಳದೆ ಉತ್ತರಿಸಿದರು: “ಒಬ್ಬರಲ್ರಿ ಸರ್. ಸಾಲಿ ಪೂರಾ ಅಂಜೈತಿ.” ಹೆಡ್‌ಮಾಸ್ತರರು ಕೂತು ನೋಡಿದರು. ನಾಲ್ಕನೆಯ ಕಾಲು ಹಾಕಬೇಕೆಂಬ ಇಲಾಜಿಗೆ ತಾವೇ ಸಹಿ ಮಾಡಿದರು.

ಆ ವರ್ಷ ಗಾಡಿ ಮಾಡಿದ್ದು ನೀಲವ್ವನಿಗಾಗಿ. ಅವಳು ನಮ್ಮದೇ ತರಗತಿ. ಪೋಲಿಯೊ ಬಂದು ಎರಡೂ ಕಾಲು ಸೋತಿದ್ದವು. ಅವಳ ಅಜ್ಜಿ, ನಾವೆಲ್ಲ ಆಯಿ ಎನ್ನುತ್ತಿದ್ದವರು, ಒಂದನೆಯ ತರಗತಿಯಿಂದ ಅವಳನ್ನು ಟೊಂಕದ ಮೇಲೆ ಹೊತ್ತು ತರುತ್ತಿದ್ದರು. ಕೂಸು ಬೆಳೆಯಿತು, ಆಯಿಯ ಮೊಣಕಾಲು ಸವೆಯಿತು. ದಸರಾ ರಜೆಯ ನಂತರ ಕರೆತರುವುದು ತಮ್ಮಿಂದ ಆಗದು ಎಂದು ಅವರು ಹೇಳಿಬಿಟ್ಟಿದ್ದರು. ಗಾಡಿ ನಡೆದರೆ ಅವಳಿಗೆ ಶಾಲೆ, ಇಲ್ಲದಿದ್ದರೆ ಇಲ್ಲ.

ಹಿಂದೆ ಎರಡು ಹಳೆಯ ಸೈಕಲ್ ಗಾಲಿ, ಮುಂದೆ ನಮ್ಮೂರ ಬಡಿಗೇರ ಕಡೆದುಕೊಟ್ಟ ಸಣ್ಣ ಗಾಲಿ, ನಡುವೆ ಕಟ್ಟಿಗೆಯ ಪೆಟ್ಟಿಗೆ. ಹಗ್ಗ ಎಳೆದರೆ ಟೈರಿನ ತುಂಡೊಂದು ಗಾಲಿಗೆ ಒತ್ತಿ ನಿಲ್ಲಿಸುತ್ತಿತ್ತು. ವಹಿಯಲ್ಲಿ ಮೂವತ್ತೆಂಟು ಅಂಜಿಕೆ. ಕೂಸನ್ನು ಕೂರಿಸುವ ಮೊದಲು ತಾವೇ ಕೂರಬೇಕೆಂದು ಕಾಕಾ ಹಟ ಹಿಡಿದರು. ಕಣ್ಣು ಮುಚ್ಚಿ ಕೂತರು. ಇಬ್ಬರು ಹುಡುಗರು ಹಿಂದಿನ ಹಿಡಿಕೆ ಹಿಡಿದರು. ಬ್ರೇಕಿನ ಹಗ್ಗ ನನ್ನ ಕೈಯಲ್ಲಿ.

ಇಳಿಜಾರಿನ ತುದಿಗೆ ಬಂದಿದ್ದೆವು. ಅಷ್ಟರಲ್ಲಿ ಹೆಡ್‌ಮಾಸ್ತರರು ಗೋಡೆಯ ಮರೆಯಿಂದ ಹೊರಗೆ ಬಂದರು. ನಮಗೆ ಮೂರು ವರ್ಷದಿಂದ ಏನು ಕಲಿಸಿದ್ದರು? ಹಿರಿಯರು ಕಂಡರೆ ಎರಡೂ ಕೈ ಜೋಡಿಸಬೇಕು. ಮೂವತ್ತು ಮಕ್ಕಳು ಒಂದೇ ದನಿಯಲ್ಲಿ ನಮಸ್ಕಾರ ಹೇಳಿ ಕೈ ಜೋಡಿಸಿದೆವು. ಹಿಡಿಕೆಯವರೂ ಜೋಡಿಸಿದರು, ನಾನೂ ಜೋಡಿಸಿದೆ. ಗಾಡಿ ಹೊರಟಿತು. ಕಾಕಾ ಕಣ್ಣು ಬಿಟ್ಟು ಹೆಡ್‌ಮಾಸ್ತರರನ್ನು ಕಂಡು ತಾವೂ ಕೈ ಜೋಡಿಸಿದರು. ಹಾಗೆಯೇ ಕೈ ಮುಗಿದುಕೊಂಡೇ ತಿಪ್ಪೆ ಸೇರಿದರು!

ನಾವು ಓಡಿ ಹೋದಾಗ ಅವರು ಮೊಣಕೈ ನೋಡಿಕೊಳ್ಳುತ್ತಿರಲಿಲ್ಲ, ಖಾಲಿ ಪೆಟ್ಟಿಗೆ ನೋಡುತ್ತಿದ್ದರು. “ಆ ಕೂಸು ಕುಂತಿದ್ರ?” ಎಂದರು. ಯಾರೂ ನಗಲಿಲ್ಲ. ಹಗ್ಗ ಜಾರಿ ಸುಲಿದಿದ್ದ ಅಂಗೈಯನ್ನು ನಾನು ಬೆನ್ನಿನ ಹಿಂದೆ ಬಚ್ಚಿಟ್ಟುಕೊಂಡೆ. ಎರಡು ದಿನ ಆ ಕೈಯಿಂದ ರೊಟ್ಟಿ ಮುರಿಯಲು ಆಗಲಿಲ್ಲ. ಕಣ್ಣು ಮುಚ್ಚಿದರೆ ಗಾಡಿ ಹೊರಡುತ್ತಿತ್ತು, ಅದರಲ್ಲಿ ನೀಲವ್ವ ಇರುತ್ತಿದ್ದಳು.

ಕಾಕಾ ವಹಿ ತೆರೆಯಲಿಲ್ಲ. ಸೋಮವಾರ ಆಯಿ ಶಾಲೆಯಿಂದ ನೀಲವ್ವನ ಹೆಸರು ತೆಗೆಸಲು ಬಂದರು. ಕಾಕಾ ತಲೆ ಎತ್ತದೆ, ಗಾಡಿ ತಮ್ಮಿಂದ ಆಗುವುದಿಲ್ಲ, ತಮ್ಮನ್ನು ಒತ್ತಾಯಿಸಬಾರದು ಎಂದರು. ಮೆಟ್ಟಿಲ ಮೇಲೆ ಕೂತಿದ್ದ ನೀಲವ್ವ ಕೇಳಿಸಿಕೊಂಡಳು.

“ಸರ್, ವಹ್ಯಾಗ ಒಂದು ಬಿಟ್ಟೈತ್ರಿ.”

“ಯಾವುದವ್ವ?”

“ಹಿಡದವರು ಕೈ ಬಿಟ್ರ.”

“ಅದಕ್ಕ ಇಲಾಜಿಲ್ಲ. ಯಾರ ಕೈ ನಂಬೂದು?”

“ನಂದೈತೆಲ್ರಿ,” ಎಂದು ಅವಳು ಬಲಗೈ ಮುಂದೆ ಚಾಚಿದಳು. “ಕಾಲಿಗೆ ಬ್ಯಾನಿ ಬಂದೈತ್ರಿ. ಕೈಗೆ ಏನಾಗೈತಿ?”

ಕಾಕಾ ವಹಿ ತೆಗೆದು ಆ ಕೈಗೆ ಕೊಟ್ಟರು. ಆಯಿ ಎಂಟು ದಿನ ತಡೆಯಲು ಒಪ್ಪಿದರು. ಹಗ್ಗ ಬಿಚ್ಚಿದೆವು. ಪೆಟ್ಟಿಗೆಯ ಬಲಕ್ಕೆ, ಅವಳ ಕೈಗೆ ಎಟಕುವ ಹಾಗೆ, ಒಂದು ಕಟ್ಟಿಗೆಯ ಹಿಡಿಕೆ ಕೂರಿಸಿದೆವು. ಮೂವತ್ತೊಂಬತ್ತನೆಯ ಅಂಜಿಕೆಯ ಎದುರಿಗೆ ಇಲಾಜು ಬರೆದವಳು ಅವಳೇ.

ಎಂಟನೆಯ ದಿನ ಅವಳೇ ಕೂತಳು. ಯಾರೂ ಮುಟ್ಟಕೂಡದು ಎಂದು ಕಾಕಾ ಅಪ್ಪಣೆ ಮಾಡಿದ್ದರು. ದಯವಿಟ್ಟು ಹೊರಗೆ ಬರಬಾರದೆಂದು ಹೆಡ್‌ಮಾಸ್ತರರನ್ನೂ ಕೇಳಿಕೊಂಡಿದ್ದರು. ಅವರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಕಾಕಾ ಇಳಿಜಾರಿನ ಕೆಳಗೆ, ಗಾಡಿ ಬರುವ ದಾರಿಗೆ ಅಡ್ಡ, ಎರಡೂ ತೋಳು ಚಾಚಿ ನಿಂತರು.

“ಸರ್, ಅಂಜಿಕಿ ಆದ್ರ ಬಾಜೂಕ ಸರೀರಿ,” ಎಂದು ನೀಲವ್ವ ಕೂಗಿದಳು.

“ಆಗೈತಿ. ಸರಿಯೂದಿಲ್ಲ. ನೀ ಬಾ.”

ಗಾಡಿ ಹೊರಟಿತು. ಅರ್ಧ ಇಳಿಜಾರು ದಾಟುವಾಗ ವೇಗ ಏರಿತು. ನನ್ನ ಪಕ್ಕದಲ್ಲಿ ಆಯಿ ಸೆರಗು ಬಾಯಿಗೆ ಒತ್ತಿಕೊಂಡರು. ಅವಳು ಹಿಡಿಕೆ ಎಳೆದಳು. ಟೈರು ಕಿರುಗುಟ್ಟಿತು, ಧೂಳು ಎದ್ದಿತು. ಧೂಳು ಇಳಿದಾಗ ಗಾಡಿ ಕಾಕಾ ಅವರಿಂದ ಒಂದು ಮೊಳ ದೂರದಲ್ಲಿ ನಿಂತಿತ್ತು. ಅವರು ತೋಳು ಇಳಿಸದೆ, ನಿಂತಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು.

ನೀಲವ್ವನ ಹೆಸರು ಹಾಜರಿಯಲ್ಲಿ ಉಳಿಯಿತು. ೧೯೮೮ರಲ್ಲಿ ಅವಳು ಗುಡೂರಿನಲ್ಲಿ ಮೆಟ್ರಿಕ್ ಪಾಸಾದಳು. ಅಷ್ಟರೊಳಗೆ ಗಾಡಿಯ ಪೆಟ್ಟಿಗೆಯನ್ನು ಬಡಿಗೇರ ಎರಡು ಸಲ ದೊಡ್ಡದು ಮಾಡಿದ್ದ. ಬ್ರೇಕಿನ ಟೈರು ತುಂಡು ನಾಲ್ಕು ಸಲ ಸವೆದಿತ್ತು. ನಾಲ್ಕೂ ಸಲ ಬದಲಿಸಿದವಳು ಅವಳೇ.